ಇಲ್ಲಿ ಯಾರಾದ್ರೂ ಬರ್ತಾರಾ?

ಮದುವೆ ಮನೆಯ ಊಟದ ಹಾಲಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ನಮ್ಮ ನೆಂಟರ ಪೈಕಿ ನನ್ನನ್ನು ಮೀರಿಸಿದವರಿಲ್ಲ. ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಎಲೆ ಓದಬೇಕು. ಕೋಸಂಬರಿ ಬಡಿಸುತ್ತಿದ್ದರೆ ಮುಂದಿನ ಸಾಲಿಗೆ ಹೋಗು. ಹೋಳಿಗೆ ಬಂದಿದ್ದರೆ ನಿಲ್ಲು. ಮಜ್ಜಿಗೆ ಅಂಗೈಗೆ ಬಿತ್ತೋ, ಕುರ್ಚಿಯ ಬೆನ್ನು ಹಿಡಿ. ಮೂವತ್ತು ವರ್ಷಗಳ ಈ ಅನುಭವದ ಧೈರ್ಯದಲ್ಲೇ ನಾನು ಜರ್ಮನಿಯ ಎಸ್ಸೆನ್‌ಗೆ ಹೋದದ್ದು.

ಅಲ್ಲಿ ಅಕ್ಟೋಬರ್ ಬಂತೆಂದರೆ ‘ಷ್ಪೀಲ್’ ಎಂಬ ಬೋರ್ಡ್ ಗೇಮ್ ಜಾತ್ರೆ. 1983ರಲ್ಲಿ ಶುರುವಾದದ್ದು, ನಾಲ್ಕು ದಿನದ್ದು. 2024ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಅವರಲ್ಲಿ ಒಬ್ಬ ನಾನು. ಡ್ಯೂಸೆಲ್‌ಡಾರ್ಫ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಟಿಕೆಟ್ ತೆಗೆಸಿಕೊಟ್ಟು, ರೈಲು ಹತ್ತಿಸುವಾಗ ಉಪದೇಶವನ್ನೂ ಮಾಡಿದ್ದ.

“ಮಾಮ, ಅಂಗಡಿ ಅಂಗಡಿಯಲ್ಲೂ ಟೇಬಲ್ ಹಾಕಿರ್ತಾರೆ. ಖಾಲಿ ಕುರ್ಚಿ ಕಂಡ್ರೆ ‘ಇಸ್ಟ್ ಹಿಯರ್ ನೊಖ್ ಫ್ರೈ?’ ಅಂತ ಕೇಳಿ ಕೂತ್ಕೋ. ಪರಿಚಯ ಇಲ್ದಿದ್ರೂ ಆಟಕ್ಕೆ ಸೇರಿಸ್ಕೋತಾರೆ.”

“ಅಂದ್ರೆ?”

“ನಮ್ಮ ಬಸ್ಸಲ್ಲಿ ಕೇಳಲ್ವಾ, ‘ಇಲ್ಲಿ ಯಾರಾದ್ರೂ ಬರ್ತಾರಾ’ ಅಂತ, ಅದೇ.”

ಹತ್ತು ಗಂಟೆಗೆ ಬಾಗಿಲು ತೆಗೆದರು. ಹತ್ತೂ ಕಾಲಿಗೆ ನೋಡಿದರೆ ಒಂದು ಕುರ್ಚಿಯೂ ಖಾಲಿಯಿಲ್ಲ. ಇರಲಿ, ನನ್ನ ವಿದ್ಯೆ ಇದೆಯಲ್ಲ. ಒಂದು ಟೇಬಲ್ಲಿನ ಹಿಂದೆ ನಿಂತೆ. ನಾಲ್ವರು ಆಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬಾಕೆ ಪೆನ್ಸಿಲ್ ತೆಗೆದು ಎಲ್ಲರ ಅಂಕ ಬರೆಯತೊಡಗಿದಳು. ಮಜ್ಜಿಗೆ ಬಂತು! ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದೆ. ಕೂತಿದ್ದ ಮಹಾಶಯ ತಿರುಗಿ ನನ್ನ ಕೈ ನೋಡಿದ, ಮುಖ ನೋಡಿದ, ಮತ್ತೆ ಆಟಕ್ಕೆ ತಿರುಗಿದ. ಆ ಆಟದಲ್ಲಿ ನಾಲ್ಕು ಸುತ್ತು. ಸುತ್ತು ಸುತ್ತಿಗೂ ಲೆಕ್ಕ. ನಾನು ಮಜ್ಜಿಗೆ ಎಂದುಕೊಂಡದ್ದು ಎಲೆಯ ತುದಿಗೆ ಹಾಕುವ ಉಪ್ಪು. ಮುಕ್ಕಾಲು ಗಂಟೆ ಅಲ್ಲೇ ನಿಂತೆ. ಕೊನೆಗೆ ಅವರು ಎದ್ದಾಗ, ಎದುರುಗಡೆಯಿಂದ ಅಪ್ಪ, ಅಮ್ಮ, ಎರಡು ಮಕ್ಕಳ ಸಂಸಾರವೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕೂತುಬಿಟ್ಟಿತು. ಚಿಕ್ಕವನಿಗೆ ಆರು ವರ್ಷವಿದ್ದೀತು. ನನ್ನನ್ನು ನೋಡಿ ನಕ್ಕ. ಮುಂದೆ ಮದುವೆ ಮನೆಗಳಲ್ಲಿ ಅವನಿಗೆ ಒಳ್ಳೆಯ ಭವಿಷ್ಯವಿದೆ.

ಎರಡನೇ ಕಡೆ ಮೂವರು ಕೂತಿದ್ದರು. ನಾಲ್ಕನೇ ಕುರ್ಚಿಯ ಮೇಲೆ ಬ್ಯಾಗು. ‘ಇಸ್ಟ್ ಹಿಯರ್...’ ಎಂದು ಬಾಯಿ ತೆರೆದೆ. “ಲೈಡರ್ ನೈನ್” ಎಂದರು, ಪಾಪ, ನಿಜವಾಗಿಯೂ ಬೇಜಾರು ಮಾಡಿಕೊಂಡು. ಕ್ಷಮಿಸಿ, ಇಲ್ಲ. ಬಸ್ಸಿನ ಕಿಟಕಿಯೊಳಗೆ ಕರ್ಚೀಫ್ ಎಸೆದು ಸೀಟು ಹಿಡಿಯುವ ಕಲೆ ನಮ್ಮದೊಂದೇ ಆಸ್ತಿ ಎಂದುಕೊಂಡಿದ್ದೆ. ಮೂರನೇ ಕಡೆ ಗೆಳೆಯ ಕಾಫಿ ತರಲು ಹೋಗಿದ್ದ: ಲೈಡರ್ ನೈನ್. ನಾಲ್ಕನೇ ಕಡೆ ಕುರ್ಚಿ ನಿಜಕ್ಕೂ ಖಾಲಿ! ಅಲ್ಲಿ ಆಟ ಹೇಳಿಕೊಡುವವನೂ ಇದ್ದ. ಇಂಥವರನ್ನು ಜರ್ಮನರು ‘ಎರ್‌ಕ್ಲೇರ್‌ಬೇರ್’ ಅನ್ನುತ್ತಾರೆ, ಅಂದರೆ ವಿವರಿಸುವ ಕರಡಿ. ಕರಡಿ ಇಪ್ಪತ್ತು ನಿಮಿಷ ಜರ್ಮನ್‌ನಲ್ಲಿ ನಿಯಮ ಹೇಳಿತು. ನಾನು ಹರಿಕಥೆಗೆ ಕೂತವನ ಹಾಗೆ ತಲೆದೂಗಿದೆ. ಕೊನೆಗೆ ಅದು ನನ್ನತ್ತ ತಿರುಗಿ ಏನೋ ಕೇಳಿತು. ನನಗೆ ಬರುತ್ತಿದ್ದುದು ಒಂದೇ ವಾಕ್ಯ, ಅದನ್ನೇ ಹೇಳಿದೆ. ಆಗಲೇ ಕೂತಿರುವವನು ‘ಇಲ್ಲಿ ಯಾರಾದ್ರೂ ಬರ್ತಾರಾ’ ಎಂದು ಕೇಳಿದರೆ ಯಾರು ಏನು ಉತ್ತರಿಸಿಯಾರು? ನಾನೇ ಎದ್ದು ಬಂದೆ.

ಮಧ್ಯಾಹ್ನ ಎರಡೂವರೆ. ಒಂದು ದೊಡ್ಡ ಅಂಗಡಿಯ ಹಿಂಬದಿಯ ಪರದೆ ಸರಿಸಿದೆ. ಪುಟ್ಟ ಟೇಬಲ್ಲು, ಎರಡು ಕುರ್ಚಿ, ಒಬ್ಬನೇ ಮನುಷ್ಯ. ನನ್ನನ್ನು ಕಂಡವನೇ ಎದ್ದು ಕೈಕುಲುಕಿದ, ಇಂಗ್ಲಿಷಿನಲ್ಲಿ “ಜಾಗ ಹುಡುಕಲು ಕಷ್ಟವಾಗಲಿಲ್ಲವಲ್ಲ?” ಎಂದು ವಿಚಾರಿಸಿದ. ಬೆಳಿಗ್ಗೆಯಿಂದ ಇದನ್ನು ಕೇಳಿದ ಮೊದಲ ಪ್ರಾಣಿ. “ತುಂಬಾ ಕಷ್ಟವಾಯಿತು” ಎಂದೆ. ಕ್ಷಮೆ ಕೇಳಿ ಕಾಫಿ ಕೊಟ್ಟ.

ಆಟ ಜೇನು ಸಾಕಣೆಯದು. ರಟ್ಟನ್ನು ಕತ್ತರಿಯಲ್ಲಿ ಕತ್ತರಿಸಿ ಮಾಡಿದ ಗೂಡುಗಳು, ಪೆನ್ನಿನಲ್ಲಿ ಬರೆದ ಕಾರ್ಡುಗಳು. ಇಷ್ಟು ದೊಡ್ಡ ಅಂಗಡಿಯವರಿಗೆ ಪ್ರಿಂಟ್ ಹಾಕಿಸಲೂ ಗತಿಯಿಲ್ಲವೇ ಅನ್ನಿಸಿದರೂ ಉಪಚಾರದ ಮುಂದೆ ಸುಮ್ಮನಾದೆ. ನಾನು ಒಂದು ಕಾರ್ಡು ಇಟ್ಟರೆ ಆತ ಉಸಿರು ಬಿಗಿಹಿಡಿಯುತ್ತಿದ್ದ. “ಜೇನುಹುಳ ಸ್ವಲ್ಪ ಜಾಸ್ತಿಯಾಯಿತು” ಎಂದೆ, ಬರೆದುಕೊಂಡ. “ಹೂವು ಸಾಲದು” ಎಂದೆ, ಅದನ್ನೂ ಬರೆದುಕೊಂಡ. ನಮ್ಮ ಮನೆಯಲ್ಲಿ ನನ್ನ ಮಾತನ್ನು ಬರೆದುಕೊಳ್ಳುವುದಿರಲಿ, ಕೇಳಿಸಿಕೊಂಡವರೂ ಇಲ್ಲ. ಹುರುಪು ಬಂತು. “ಬೆಲೆ ಎಷ್ಟಿರಬೇಕು ಅನ್ನಿಸುತ್ತದೆ?” ಎಂದು ಕೇಳಿದ. ಚಿಕ್ಕಪೇಟೆಯ ಅಭ್ಯಾಸ ಎಲ್ಲಿ ಹೋಗಬೇಕು, “ಹತ್ತು ಯೂರೋ, ಒಂದು ಪೈಸೆ ಹೆಚ್ಚಿಲ್ಲ” ಎಂದೆ. ಪೆನ್ನು ನಿಂತಿತು. ಮುಖ ಬಿಳುಚಿತು.

ಅಷ್ಟರಲ್ಲಿ ಪರದೆ ಸರಿಸಿ ಕೊರಳಲ್ಲಿ ಬ್ಯಾಡ್ಜು ಹಾಕಿದ ಹೆಂಗಸೊಬ್ಬರು ಬಂದು, ತಡವಾಯಿತೆಂದು ಕ್ಷಮೆ ಕೇಳಿದರು. ಆ ಕಂಪನಿಯ ಸಂಪಾದಕಿ. ಹೊಸ ಆಟ ಕಟ್ಟಿದವರು ಮೊದಲೇ ಸಮಯ ಗೊತ್ತುಮಾಡಿಕೊಂಡು ಪ್ರಕಾಶಕರಿಗೆ ತೋರಿಸುವ ಜಾಗವದು. ಸಿಗುವುದೇ ಅರ್ಧ ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ನಾನು ತಿಂದಿದ್ದೆ. ಸೀಟು ಹಿಡಿಯುವ ಭರದಲ್ಲಿ ಬೀಗರ ಪಂಕ್ತಿಯಲ್ಲಿ ಕೂತದ್ದಲ್ಲದೆ, ಸಾರಿಗೆ ಉಪ್ಪು ಕಮ್ಮಿ ಅಂತ ಬೇರೆ ಹೇಳಿದ್ದೆ. 1995ರಲ್ಲಿ ‘ಕಟಾನ್’ ತಂದು ಜಗತ್ತನ್ನೇ ಆಡಿಸಿದ ಕ್ಲೌಸ್ ಟಾಯ್ಬರ್ ಕಸುಬಿನಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದವರು. ಅವರ ಎದುರಿಗೂ ನನ್ನಂಥವನೊಬ್ಬ ಬಂದು ಕೂತಿದ್ದರೆ? ಎದ್ದೆ. ಆತ ಸಿಟ್ಟು ಮಾಡಲಿಲ್ಲ. ಹೊರಡುವಾಗ ಪಿಸುದನಿಯಲ್ಲಿ ಕೇಳಿದ: “ಜೇನುಹುಳ ನಿಜವಾಗಿಯೂ ಜಾಸ್ತಿಯಾಯಿತೇ?”

ಸಂಜೆ ಊರಿನ ಮುಖ್ಯ ಸ್ಟೇಷನ್ನಿಗೆ ಹೋಗುವ ಯು11 ರೈಲಿನಲ್ಲಿ ಅದೃಷ್ಟಕ್ಕೆ ಸೀಟು ಸಿಕ್ಕಿತು. ಬ್ಯಾಗನ್ನು ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದೆ. ಯಾರೋ ಭುಜ ಮುಟ್ಟಿದರು. ಎರಡೂ ಕೈಯಲ್ಲಿ ಆಟದ ಪೆಟ್ಟಿಗೆ ಹೊತ್ತ ಹುಡುಗಿ, “ಇಸ್ಟ್ ಹಿಯರ್ ನೊಖ್ ಫ್ರೈ?” ಎಂದಳು. ದಿನವಿಡೀ ನಾನು ಕೇಳಿದ ಪ್ರಶ್ನೆಯನ್ನು ಕೊನೆಗೂ ಒಬ್ಬರು ನನಗೆ ಕೇಳಿದ್ದರು! ಸಂತೋಷಕ್ಕೆ ಗಂಟಲು ಕಟ್ಟಿತು. ದಿನವಿಡೀ ಕಿವಿಗೆ ಬಿದ್ದ ಉತ್ತರವೇ ನಾಲಿಗೆಗೆ ಬಂತು.

“ಲೈಡರ್ ನೈನ್.”

ಹುಡುಗಿ ಮುಖ್ಯ ಸ್ಟೇಷನ್‌ವರೆಗೂ ನಿಂತೇ ಬಂದಳು. ನನ್ನ ಬ್ಯಾಗು ಕೂತು ಬಂತು.