ಸಕಾಲಮರಣ ಮೀಮಾಂಸೆ

ಯಕ್ಷಗಾನದ ಭಾಗವತರು ಯಾವಾಗ ಸಾಯಬೇಕು ಎಂಬ ಬಗ್ಗೆ ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬಹುಕಾಲದಿಂದ ಗಹನವಾದ ಚಿಂತನೆ ನಡೆದಿದೆ. ನಡೆದದ್ದೆಲ್ಲ ಚೌಕಿಯ ಹಿಂದೆ, ಹೋಟೆಲಿನ ಬೆಂಚಿನ ಮೇಲೆ, ಅಡಕೆ ತೂಗಿಸುವ ಸರದಿಯಲ್ಲಿ ಆದ ಕಾರಣ ಗ್ರಂಥಸ್ಥವಾಗಿಲ್ಲ ಅಷ್ಟೆ. ದೊರೆತಿರುವ ಸೂತ್ರಗಳು ಎರಡು. ‘ಅವರು ಹೋದದ್ದು ಒಳ್ಳೇ ಹೊತ್ತಿಗೆ ಮಾರಾಯ್ರೇ, ಇನ್ನೆರಡು ವರ್ಷ ಪದ ಹೇಳಿದ್ದರೆ ಇದ್ದ ಹೆಸರೂ ಹೋಗುತ್ತಿತ್ತು’ ಎಂಬುದು ಮೊದಲನೆಯದು. ‘ಛೇ, ಈಗಷ್ಟೇ ಸ್ವರ ಹಣ್ಣಾಗಿತ್ತು, ಇರಬೇಕಿತ್ತು’ ಎಂಬುದು ಎರಡನೆಯದು. ಎರಡನ್ನೂ ಒಬ್ಬರೇ, ಒಬ್ಬರೇ ಭಾಗವತರ ಕುರಿತು, ಒಂದು ಚಹಾ ಮುಗಿಯುವುದರೊಳಗೆ ಹೇಳಬಲ್ಲರು. ಈ ಸೂತ್ರಗಳಿಗೆ ಭಾಷ್ಯ ಬರೆಯುವುದು ನಮ್ಮ ಉದ್ದೇಶ.

ಮೊದಲು ಕ್ಷೇತ್ರನಿರ್ಣಯ. ಕಡಬ ತಾಲೂಕು ತೀರ ಈಚಿನದು, ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಬಿಡಿಸಿ ಮಾಡಿದ್ದು. ಮದ್ದಳೆಗಾರ ಕಡಬ ನಾರಾಯಣ ಆಚಾರ್ಯರು ಊರಿನ ಹೆಸರನ್ನು ರಂಗಸ್ಥಳದಲ್ಲಿ ಮೆರೆಸುತ್ತಿದ್ದಾಗ ಕಡಬ ತಾಲೂಕೇ ಆಗಿರಲಿಲ್ಲ. ಹೀಗಾಗಿ ಆ ಭಾಗದ ಹಳೆಯ ಕಲಾವಿದರ ಸಾವುಗಳನ್ನು ಯಾವ ತಾಲೂಕಿನ ಖಾತೆಗೆ ಬರೆಯಬೇಕೆಂಬ ತಕರಾರು ಇದೆ. ಅದನ್ನು ಕಂದಾಯ ಇಲಾಖೆಗೆ ಬಿಟ್ಟಿದ್ದೇವೆ.

ಇನ್ನು ಯಾಮವಾದ. ಬಯಲಾಟದ ರಾತ್ರಿಯಲ್ಲಿ ಪೂರ್ವರಂಗಕ್ಕೆ ಎಳೆಯ ಸಂಗೀತಗಾರ, ಆಮೇಲೆ ಎರಡನೆಯ ಭಾಗವತ, ಪ್ರಸಂಗ ಕಾವೇರಿದ ಮೇಲೆ ಮುಖ್ಯ ಭಾಗವತ, ಬೆಳಗಾಗುವಾಗ ಮಂಗಳ. ವೃತ್ತಿಜೀವನಕ್ಕೂ ಇವೇ ಯಾಮಗಳು. ಪೂರ್ವರಂಗದಲ್ಲೇ ಹೋದವನಿಗೆ ಸಂತಾಪಸಭೆ ಇಲ್ಲ, ಏಕೆಂದರೆ ಜನ ಆಗ ಸಂತೆಯ ಬದಿಯಲ್ಲಿ ಚರುಂಬುರಿ ತಿನ್ನುತ್ತಿರುತ್ತಾರೆ. ನಡುರಾತ್ರಿಯ ಸಾವಿಗೆ ಶಾಸ್ತ್ರೀಯ ಉದಾಹರಣೆ ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿ, 1990ರ ಮೇ ತಿಂಗಳಲ್ಲಿ ಬೈಕ್ ಅಪಘಾತದಲ್ಲಿ, 32 ತುಂಬುವ ಮೊದಲೇ ಹೋದರು. ಇಂದಿಗೂ ಅವರ ಕ್ಯಾಸೆಟ್ಟಿನ ಪದ ಕೇಳಿದರೆ ತೆಂಕುತಿಟ್ಟಿನವನೂ ನಡಿಗೆ ನಿಧಾನ ಮಾಡುತ್ತಾನೆ. ‘ಅವರು ಮುದುಕರಾಗಲೇ ಇಲ್ಲ ನೋಡಿ’ ಎಂದು ನಮ್ಮ ವಿದ್ವಾಂಸರು ಮೆಚ್ಚುಗೆಯಿಂದ ಹೇಳುತ್ತಾರೆ. ನಾವಡರ ಮನೆಯವರನ್ನು ಕೇಳಿ ಈ ಮೆಚ್ಚುಗೆಯನ್ನು ಪರೀಕ್ಷಿಸುವ ಪದ್ಧತಿ ನಮ್ಮ ಶಾಸ್ತ್ರದಲ್ಲಿ ಇಲ್ಲ.

ಯಾಮವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗೆ ಇಳಿಸಿದ ಕಾಲಮಿತಿಯಿಂದ. ಧರ್ಮಸ್ಥಳ ಮೇಳವೇ ಕಾಲಮಿತಿಗೆ ಬಂದ ಮೇಲೆ ಮಂಗಳವು ನಡುರಾತ್ರಿಗೇ ಬೀಳತೊಡಗಿತು. ಹಾಗಾದರೆ ಈಗ ಐವತ್ತರ ಭಾಗವತರು ಇರುವುದು ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ? ಅವರನ್ನೇ ಕೇಳಬಹುದು. ಕೇಳುವ ಧೈರ್ಯ ನಮಗಿಲ್ಲ, ಜಾಗಟೆ ಅವರ ಕೈಯಲ್ಲಿದೆ.

ಇನ್ನೊಂದು ಪಂಥದವರು ಋತುವಾದಿಗಳು. ಮೇಳ ಹೊರಡುವುದು ದೀಪಾವಳಿಯ ಆಸುಪಾಸು, ಗೆಜ್ಜೆ ಬಿಚ್ಚುವುದು ಮಳೆಗಾಲಕ್ಕೆ ಮುಂಚೆ, ಪತ್ತನಾಜೆಗೆ. ಮುಂದಿನ ತಿರುಗಾಟಕ್ಕೆ ತೊಂದರೆಯಾಗದಂತೆ ಮಳೆಗಾಲದೊಳಗೆ ಹೋಗುವುದೇ ಸಭ್ಯ ಮರಣ ಎಂಬುದು ಇವರ ಮತ. ಸುಳ್ಯದ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರು ತೀರಿಕೊಂಡದ್ದು 2021ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಮೊದಲು. ಲಕ್ಷಣ ಸರಿಹೊಂದಿತು ಎಂದು ಋತುವಾದಿಗಳು ಬರೆದುಕೊಂಡರು. ಆದರೆ ಸುರತ್ಕಲ್ ಮೇಳದ ಕಾಲದಿಂದ ಈಶ್ವರಮಂಗಲದ ಹನುಮಗಿರಿ ಮೇಳದವರೆಗೆ ಅವರ ಪದ ಕೇಳಿದವರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಅರುವತ್ತಾರೂ ಒಂದು ವಯಸ್ಸಾ ಎಂದು ಕೇಳುತ್ತಾರೆ. ಇದು ತರ್ಕವಲ್ಲ, ಆದರೂ ಸುಳ್ಯದಲ್ಲಿ ಇದಕ್ಕೆ ಉತ್ತರ ಕೊಟ್ಟವರು ಸಿಗಲಿಲ್ಲ.

ವಾಸ್ತವದಲ್ಲಿ ತಿರುಗಾಟಕ್ಕಿಂತ ಮುಖ್ಯವಾದದ್ದು ಸಂಸ್ಮರಣೆಯ ದಿನಾಂಕ. ನಮ್ಮಲ್ಲಿ ಕಲಾವಿದ ಒಮ್ಮೆ ಸತ್ತರೆ ಸಾಲದು, ವರ್ಷವೂ ಅದೇ ದಿನಕ್ಕೆ ಸಭಾಭವನ ಸಿಗಬೇಕು. ಏಪ್ರಿಲ್ 10ರಿಂದ 20ರವರೆಗೆ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ. ಆ ದಿನಗಳಲ್ಲಿ ಹೋದವರ ಸಂಸ್ಮರಣೆಗೆ ಪುತ್ತೂರಿನಲ್ಲಿ ಕುರ್ಚಿ ತುಂಬುವುದಿಲ್ಲ. ಜನವರಿಯಲ್ಲಿ ಸುಳ್ಯದ ಚೆನ್ನಕೇಶವನ ಜಾತ್ರೆ. ಚಂಪಾಷಷ್ಠಿಯ ಹೊತ್ತಿಗೆ ಕಡಬದ ದಾರಿಗಳೆಲ್ಲ ಕುಕ್ಕೆಗೇ ಹೋಗುತ್ತವೆ. ಡಿಸೆಂಬರಿನಿಂದ ಅಡಕೆ ಕೊಯ್ಲು, ಮಾರ್ಚ್‌ನಿಂದ ಬ್ರಹ್ಮಕಲಶ, ಮೇಯಲ್ಲಿ ಮದುವೆ, ಜೂನ್‌ನಲ್ಲಿ ಮಳೆ ಬಿಟ್ಟಾಗ ಮೈಲುತುತ್ತು ಬಿಡುವ ಕೆಲಸ. ಎಲ್ಲವನ್ನೂ ಕಳೆದರೆ ಉಳಿಯುವುದು ಮಳೆಗಾಲದ ಆಟಿ ತಿಂಗಳ ಕೆಲವು ದಿನ ಮಾತ್ರ. ಆಗ ತಾಳಮದ್ದಳೆಯ ಸಪ್ತಾಹಗಳಿರುತ್ತವೆ, ಅವುಗಳಲ್ಲೊಂದಕ್ಕೆ ಸಂಸ್ಮರಣೆಯನ್ನು ಜೋಡಿಸಿದರೆ ಖರ್ಚೂ ಕಡಿಮೆ. ಸಂಸ್ಮರಣೆ ಎಂದರೆ ತೀರಿಕೊಂಡವರ ಫೋಟೋಕ್ಕೆ ಹಾರ ಹಾಕಿ, ಇನ್ನೂ ತೀರಿಕೊಳ್ಳದ ಒಬ್ಬ ಹಿರಿಯರಿಗೆ ಶಾಲು, ಹಣ್ಣುಬುಟ್ಟಿ, ಮಾನಪತ್ರ ಕೊಡುವುದು. ಆ ಹಿರಿಯರು ಫೋಟೋ ನೋಡುತ್ತಾ ಏನು ಯೋಚಿಸುತ್ತಾರೆಂಬುದು ಬೇರೆಯೇ ಸಂಶೋಧನೆಯ ವಿಷಯ.

ಸಾಯದೆಯೂ ಸಕಾಲಕ್ಕೆ ಮುಗಿಸಬಹುದಲ್ಲ ಎಂದು ಆಕ್ಷೇಪ. ಇಟಲಿಯ ರೊಸ್ಸೀನಿ 37ನೆಯ ವಯಸ್ಸಿಗೆ ಒಪೆರಾ ಬರೆಯುವುದನ್ನು ಬಿಟ್ಟು, ಮತ್ತೆ ಸುಮಾರು ನಾಲ್ಕು ದಶಕ ಚೆನ್ನಾಗಿ ಉಂಡು ಬದುಕಿದ. ನಮ್ಮಲ್ಲಿ ಅದು ಸಾಧ್ಯವಿಲ್ಲ. ನಿವೃತ್ತ ಭಾಗವತರನ್ನು ನಾವು ಗೃಹಪ್ರವೇಶಕ್ಕೂ ಕರೆಯುತ್ತೇವೆ, ಊಟಕ್ಕೆ ಮೊದಲು ‘ಒಂದೇ ಒಂದು ಪದ್ಯ, ನಮ್ಮ ಸಂತೋಷಕ್ಕೆ’ ಎಂದು ಮೈಕು ಹಿಡಿಯುತ್ತೇವೆ. ಅವರು ಕೆಮ್ಮಿ, ಶ್ರುತಿ ಇಳಿಸಿ, ಹೇಳುತ್ತಾರೆ. ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡು, ದಾರಿಯಲ್ಲಿ ‘ಸ್ವರ ಹೋಯಿತು ಪಾಪ’ ಎಂದುಕೊಂಡು ಮನೆಗೆ ಬರುತ್ತೇವೆ. ಮೊದಲನೆಯ ಸೂತ್ರ ಹುಟ್ಟಿದ್ದು ಈ ದಾರಿಯಲ್ಲೇ.

ಘಟ್ಟದ ಮೇಲಿನ ಸಾಕ್ಷ್ಯಗಳೂ ಇವೆ. ಗಾಯಕ ಸಿ. ಅಶ್ವತ್ಥರು ಹುಟ್ಟಿದ್ದು 1939ರ ಡಿಸೆಂಬರ್ 29, ಹೋದದ್ದು 2009ರ ಡಿಸೆಂಬರ್ 29. ಲೆಕ್ಕಪತ್ರದ ದೃಷ್ಟಿಯಿಂದ ಇದಕ್ಕಿಂತ ಚೊಕ್ಕ ಸಾವಿಲ್ಲ. ಆದರೆ ಮರುದಿನವೇ ವಿಷ್ಣುವರ್ಧನ್ ತೀರಿಕೊಂಡು ನಾಡಿನ ಕಣ್ಣೀರೆಲ್ಲ ಆ ಕಡೆ ಹರಿಯಿತು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ಪದ್ಮಭೂಷಣ ಬಂದದ್ದು 1976ರಲ್ಲಿ, ಅರುವತ್ತೈದು ದಾಟಿದ ಮೇಲೆ. ಪದ್ಮವಿಭೂಷಣ 1992ರಲ್ಲಿ, ಸಾವೂ ಅದೇ ವರ್ಷ. ಅರುವತ್ತಕ್ಕೇ ಸಕಾಲಮರಣ ಹೊಂದಿದ್ದರೆ ಆ ಮುಪ್ಪಿನ ಗಾಯನವೇ ನಮಗಿರುತ್ತಿರಲಿಲ್ಲ. ಶಾಸ್ತ್ರಕ್ಕೆ ಅನುಕೂಲವಿಲ್ಲದ ಕಾರಣ ಈ ಸಾಕ್ಷ್ಯವನ್ನು ಅನುಬಂಧಕ್ಕೆ ತಳ್ಳಿದ್ದೇವೆ. ಅನುಬಂಧ ಅಚ್ಚಾಗುವುದಿಲ್ಲ.

ಮತ್ತೆ ಘಟ್ಟದ ಕೆಳಗೆ ಬಂದರೆ, ಬಲಿಪ ನಾರಾಯಣ ಭಾಗವತರು 1938ರಲ್ಲಿ ಹುಟ್ಟಿ 2023ರ ಫೆಬ್ರವರಿಯಲ್ಲಿ, ಕಟೀಲಿನ ಮೇಳಗಳು ತಿರುಗಾಟದಲ್ಲಿರುವಾಗ ಹೋದರು. ಐದು ದಿನದ ದೇವಿಮಹಾತ್ಮೆ ಬರೆದವರಿಗೆ ಯಾಮದ ಲೆಕ್ಕ ನಾವು ಹೇಳಿಕೊಡಬೇಕಾಗಿಲ್ಲ. ಅವರಿಗಿಂತ ಮೊದಲು, 2022ರಲ್ಲಿ, ತಂದೆಯ ಶೈಲಿಯಲ್ಲೇ ಪದ ಹೇಳುತ್ತಿದ್ದ ಮಗ ಪ್ರಸಾದ ಭಾಗವತರು ತೀರಿಕೊಂಡಿದ್ದರು. ಈ ಪ್ರಕರಣಕ್ಕೆ ಶಾಸ್ತ್ರವನ್ನು ಅನ್ವಯಿಸಿಲ್ಲ.

ಈಗ ಸಿದ್ಧಾಂತ. ಸ್ವರ ಯಾವಾಗ ಹೋಯಿತೆಂದು ಬೇರೆಬೇರೆ ಪ್ರಾಯದ ಕೇಳುಗರನ್ನು ವಿಚಾರಿಸಿದಾಗ ಒಂದು ವಿಚಿತ್ರ ಕಂಡಿತು. ಅಗರಿ ಶ್ರೀನಿವಾಸ ಭಾಗವತರನ್ನು ಕೇಳಿದ ಅಜ್ಜಂದಿರಿಗೆ ಮಂಡೆಚ್ಚ ಭಾಗವತರಲ್ಲೇ ಕಲೆ ಕೆಟ್ಟಿತು. ಮಂಡೆಚ್ಚರನ್ನು ಕೇಳಿದವರಿಗೆ ಪದ್ಯಾಣರ ಕಾಲಕ್ಕೆ. ಪದ್ಯಾಣರನ್ನು ಕೇಳಿದವರಿಗೆ ಈಗ. ಪ್ರತಿಯೊಬ್ಬರಿಗೂ ಯಕ್ಷಗಾನ ಸತ್ತದ್ದು ಅವರ ಮದುವೆಯಾದ ಎರಡು ಮೂರು ವರ್ಷದೊಳಗೆ, ಅಂದರೆ ಇಡೀ ರಾತ್ರಿ ಆಟ ನೋಡಿ ಬಂದರೆ ಮನೆಯಲ್ಲಿ ಮಾತು ಕೇಳಬೇಕಾಗಿ ಬಂದ ಹೊತ್ತಿಗೆ. ಆಮೇಲೆ ಭಾಗವತರು ಎಷ್ಟು ವರ್ಷ ಹಾಡಿದರೂ ಅದು ಹೆಚ್ಚುವರಿ. ಆದ್ದರಿಂದ ಸಕಾಲದಲ್ಲಿ ಸಾಯದೆ ಉಳಿದದ್ದು ಭಾಗವತರಲ್ಲ, ನಮ್ಮ ಕಿವಿ.

ಹಾಗಾದರೆ ಶ್ರೋತೃ ಯಾವಾಗ ಸಾಯಬೇಕು ಎಂದು ಪೂರ್ವಪಕ್ಷದವರು ಎದ್ದು ನಿಂತು ಕೇಳಬಹುದು. ಇದಕ್ಕೆ ನಿಯಮ ಸರಳ. ಕೊಯ್ಲು ಮುಗಿದಿರಬೇಕು, ಮತ್ತು ಆ ರಾತ್ರಿ ಐದಾರು ಮೈಲಿಯೊಳಗೆ ಆಟ ಇರಬಾರದು. ಇದ್ದರೆ ಹೊರಲು ಜನ ಸಿಗುವುದಿಲ್ಲ. ಕಾಲಮಿತಿಯ ಆಟವಾದರೆ ಹನ್ನೆರಡೂವರೆಯ ನಂತರ ಬಂದಾರು.