ಶಿಷ್ಯತ್ವ: ಬಳಸುವ ಮುನ್ನ ಓದಿ

ಕ್ರಿಸ್ತನ ಶಿಷ್ಯತ್ವವನ್ನು ಆರಿಸಿಕೊಂಡಿದ್ದೀರಿ, ಅಭಿನಂದನೆಗಳು. ಪೆಟ್ಟಿಗೆ ಬಿಚ್ಚುವ ಮೊದಲು ಅದರ ಮೇಲಿನ ಬೆಲೆಯನ್ನೊಮ್ಮೆ ನೋಡಿಬಿಡಿ. ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಅದು ಎಲ್ಲ ತೆರಿಗೆ ಸೇರಿಸಿಯೇ ಅಚ್ಚಾಗಿದೆ. ಜನ ಹಿಂಡುಹಿಂಡಾಗಿ ಹಿಂದೆ ಬರುತ್ತಿದ್ದಾಗ ಯೇಸುಸ್ವಾಮಿ ತಿರುಗಿ ನಿಂತು, ಹೆತ್ತವರು, ಹೆಂಡತಿ ಮಕ್ಕಳು, ಸ್ವಂತ ಜೀವ ಎಲ್ಲವೂ ನನ್ನ ನಂತರ ಎಂದುಬಿಟ್ಟರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲಿ, ಇಲ್ಲದಿದ್ದರೆ ಪಾಯ ನೋಡಿದವರು ನಗುತ್ತಾರೆ ಎಂದೂ ಎಚ್ಚರಿಸಿದರು. ಗಿರಾಕಿಗಳು ಮುಗಿಬಿದ್ದಿರುವಾಗ ಹೀಗೆ ಹೆದರಿಸುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜೋಡಿಸುವ ವಿಧಾನ: ಮೊದಲು ಕೈಯಲ್ಲಿರುವುದನ್ನು ಕೆಳಗಿಡಿ. ಸುವಾರ್ತೆಯಲ್ಲಿ ಯೇಸುವಿನ ಬಳಿ ಬಂದ, ಚಿಕ್ಕಂದಿನಿಂದ ಎಲ್ಲ ಆಜ್ಞೆಗಳನ್ನೂ ಪಾಲಿಸಿದ್ದ ಆಸ್ತಿವಂತನೊಬ್ಬ ಈ ಹಂತದಲ್ಲೇ ಮುಖ ಬಾಡಿಸಿಕೊಂಡು ಹೊರಟುಹೋದ. ರಿಯಾಯಿತಿ ಹಿಡಿದು ಯಾರೂ ಅವನ ಹಿಂದೆ ಓಡಲಿಲ್ಲ. ಆಮೇಲೆ ಶಿಲುಬೆ. ಕುತ್ತಿಗೆಯ ಸರದಲ್ಲಿ ತೂಗುವುದಲ್ಲ; ಅದು ಉಚಿತ ಬಿಡಿಭಾಗ. ರೋಮನ್ನರ ಕಾಲದಲ್ಲಿ ಶಿಲುಬೆ ಹೊತ್ತು ಹೊರಟವನು ಮನೆಗೆ ಮರಳುತ್ತಿರಲಿಲ್ಲ.

ದೋಷ ಪತ್ತೆ: ಯಂತ್ರ ಭಾನುವಾರ ಮಾತ್ರ ಓಡುತ್ತಿದ್ದರೆ, ಸದ್ದಿಲ್ಲದೆ, ಬಿಸಿಯಾಗದೆ, ಯಾರಿಗೂ ತೊಂದರೆ ಕೊಡದೆ ಓಡುತ್ತಿದ್ದರೆ ಅದು ನಕಲಿ ಮಾಲು. ಜರ್ಮನಿಯ ಪಾದ್ರಿ ಡೀಟ್ರಿಖ್ ಬೊನ್‌ಹಾಫರ್ 1937ರ ತನ್ನ ಪುಸ್ತಕದಲ್ಲಿ ಇಂಥದ್ದನ್ನೇ ಅಗ್ಗದ ಕೃಪೆ ಎಂದು ಕರೆದ. 1939ರಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದವನು ಕೆಲವೇ ವಾರಗಳಲ್ಲಿ ಹಿಟ್ಲರನ ಜರ್ಮನಿಗೆ ಹಿಂತಿರುಗಿದ. ಅವನಿಗೆ ಬಿಲ್ಲು ಬಂದದ್ದು 1945ರ ಏಪ್ರಿಲ್ 9ರಂದು, ಫ್ಲೋಸನ್‌ಬ್ಯುರ್ಗ್ ಸೆರೆಶಿಬಿರದ ಗಲ್ಲಿನಲ್ಲಿ. ವಯಸ್ಸು 39.

ಬಳಕೆದಾರರ ಅನುಭವ ಕೇಳಲು ಜರ್ಮನಿಗೇ ಹೋಗಬೇಕಿಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿಣ್ಯ ದೀಕ್ಷಾಸ್ನಾನ ಪಡೆದರು. ಹಿಂದಿದ್ದವರು ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಮಿಷನರಿ ಹರ್ಮನ್ ಮೊಗ್ಲಿಂಗ್. ಊರು ರೊಚ್ಚಿಗೆದ್ದಿತು, ಜಾತಿ ಹೋಯಿತು, ಹೆಂಡತಿ ಜೊತೆಗೆ ಬರಲಿಲ್ಲ. ಕೌಂಡಿಣ್ಯರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು. ಮುಂದೆ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಮಿಷನ್ನಿನ ಚರಿತ್ರೆ ಅವರ ತ್ಯಾಗವನ್ನು ನೆನೆಯುತ್ತದೆ, ನೆನೆಯಬೇಕಾದದ್ದೇ. ಆದರೆ ಏನನ್ನೂ ಕೊಳ್ಳದೆ ಬೆಲೆ ತೆತ್ತವರು ಆ ಮೊದಲ ಹೆಂಡತಿ. ಆಕೆಯ ಕಂತನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ತಯಾರಕರು ಏನೇ ಹೇಳಲಿ, ಈ ಕೈಪಿಡಿಯಲ್ಲಿ ಇದೊಂದು ಪುಟ ಬಿಟ್ಟುಹೋಗಿದೆ ಎಂದೇ ನನ್ನ ದೂರು.

ಆದ್ದರಿಂದ ಸಹಿ ಹಾಕುವ ಮುನ್ನ ಇದನ್ನು ಮನೆಯವರಿಗೂ ಗಟ್ಟಿಯಾಗಿ ಓದಿ ಹೇಳಿ.