ಅಪ್ಪನ ಸರ್ಕಸ್ ಟ್ರಂಕು ಮಾರುವ ಕ್ರಮ

ಹೈದರಾಬಾದಿನ ಉಪ್ಪಲ್‌ನ ಫ್ಲಾಟಿನಲ್ಲಿ, ಅಪ್ಪ ಜೀವಮಾನವೆಲ್ಲ ಕೂಡಿಟ್ಟ ಸರ್ಕಸ್ ಸಾಮಾನಿನ ಟ್ರಂಕು ಅಟ್ಟದ ಮೇಲಿದ್ದರೆ, ವೈಕುಂಠ ಸಮಾರಾಧನೆ ಮುಗಿಯುವ ತನಕ ಇಳಿಸಬೇಡಿ. ಮುಗಿದ ಮೇಲೆ ತಡಮಾಡಲೂ ಬೇಡಿ. ಕಾರಣ ಮೂರನೆಯ ಹಂತದಲ್ಲಿದೆ.

ಹಂತ 1. ವಿಂಗಡಿಸಿ. ಕಾಗದದ್ದೊಂದು ಗುಡ್ಡೆ, ಬಟ್ಟೆಯದೊಂದು, ಪ್ರಾಣಿಯ ಮೈಯಿಂದ ಬಂದದ್ದೊಂದು. ಕಾಗದದ್ದೇ ದೊಡ್ಡದು: ಕರಪತ್ರ, ಪಾಸು, ಅರ್ಧ ಹರಿದ ಗ್ಯಾಲರಿ ಟಿಕೆಟ್ಟು. 1951ರಲ್ಲಿ ಗುಜರಾತಿನ ಬಿಲ್ಲಿಮೋರಾದಲ್ಲಿ ಶುರುವಾದ ಜೆಮಿನಿ ಸರ್ಕಸ್ಸಿನ ಪೋಸ್ಟರನ್ನು ಮೇಲಿಡಿ. ‘ಮೇರಾ ನಾಮ್ ಜೋಕರ್’ನಲ್ಲಿ ಬರುವುದು ಇದೇ ಕಂಪನಿ ಅಂದರೆ ಗಿರಾಕಿ ಕುರ್ಚಿ ಎಳೆದು ಕೂರುತ್ತಾನೆ. 1880ರಲ್ಲಿ ಮುಂಬಯಿಯಲ್ಲಿ ಮೊದಲ ಆಟ ಕೊಟ್ಟ ವಿಷ್ಣುಪಂತ ಛತ್ರೆಯವರ ಗ್ರೇಟ್ ಇಂಡಿಯನ್ ಸರ್ಕಸ್ಸಿನ ಟಿಕೆಟ್ಟು ಸಿಕ್ಕಿತೋ, ಅಪ್ಪನಿಗೆ ಯಾರೋ ಟೋಪಿ ಹಾಕಿದ್ದಾರೆ ಎಂದೇ ಮೊದಲು ಅನುಮಾನಿಸಿ.

ಒಂದು ಟಿಕೆಟ್ಟನ್ನು ಮಾತ್ರ ಪಟ್ಟಿಯಲ್ಲಿ ಬರೆಯಬೇಡಿ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು. ಆ ವಾರದ ಚೀಟಿ ಟ್ರಂಕಿನಲ್ಲಿದ್ದರೆ ಪಕ್ಕಕ್ಕಿಡಿ. ಅದಕ್ಕೇ ಹೆಚ್ಚು ದುಡ್ಡು ಕೊಡುವ ಸಂಗ್ರಾಹಕರೂ ಇರುತ್ತಾರೆ. ಅಂಥವರನ್ನು ಹೊಸ್ತಿಲು ದಾಟಿಸಬೇಡಿ.

ಹಂತ 2. ಗಿರಾಕಿಯನ್ನು ಕರೆಯಿರಿ. ಸ್ಟೇಡಿಯಮ್ಮಿನಲ್ಲಿ ಐಪಿಎಲ್ ಇರುವ ಸಂಜೆ ಬೇಡ; ನಾಗೋಲ್‌ನಿಂದ ಹೊರಟವನು ಪಂದ್ಯ ಮುಗಿದ ಮೇಲೆ ಮುಟ್ಟುತ್ತಾನೆ. ರದ್ದಿಯವನು ಎಲ್ಲರಿಗಿಂತ ಮೊದಲು ಬರುತ್ತಾನೆ. ಅವನಿಗೆ ಟ್ರಪೀಜಿನ ಹುಡುಗಿಯ ಚಿತ್ರವೂ ಒಂದೇ, ಹಳೆಯ ಪಂಚಾಂಗವೂ ಒಂದೇ, ಎರಡೂ ತಕ್ಕಡಿಗೆ. ಆಮೇಲೆ ಫೋನು ಬರುವುದು ನಿಜವಾದ ಗಿರಾಕಿಗಳದು. ಅವರು ಪೋಸ್ಟರಿನ ಮಾತೇ ಎತ್ತುವುದಿಲ್ಲ. ದನಿ ತಗ್ಗಿಸಿ ಕೇಳುತ್ತಾರೆ: “ಸಾರ್, ಪುಲಿ ಗೋರು ಉಂದಾ?”

ಹಂತ 3. ಹುಲಿ ಉಗುರು ಉಂಟು, ಮಾರುವುದಕ್ಕಿಲ್ಲ. ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಕೋತಿ ಆಡಿಸಬಾರದೆಂಬ ಕೇಂದ್ರದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟು 2001ರಲ್ಲಿ ಎತ್ತಿಹಿಡಿಯಿತು. ಹುಲಿ, ಸಿಂಹಗಳು ಬನ್ನೇರುಘಟ್ಟದಂಥ ಕಡೆ ಪಿಂಚಣಿಗೆ ಹೋದವು, ಉಗುರು ಮಾತ್ರ ನಿಮ್ಮ ಅಟ್ಟಕ್ಕೆ ಬಂತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಒಡೆತನದ ಪ್ರಮಾಣಪತ್ರವಿದ್ದರೂ ಅದನ್ನು ದುಡ್ಡಿಗೆ ಕೊಡುವಂತಿಲ್ಲ. ವಾರಸಿನಲ್ಲಿ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಿಸಬೇಕು. ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಿಸಿ ಲಕಡಿ ಕಾ ಪೂಲ್‌ನಲ್ಲಿ ಇಳಿದರೆ ಅರಣ್ಯ ಭವನ ಹತ್ತಿರ. ಪ್ರಮಾಣಪತ್ರವೇ ಇಲ್ಲದಿದ್ದರೆ ಮೊದಲು ವಕೀಲರ ಮನೆಗೆ ಹೋಗಿ. (ಜೀವಂತ ಆನೆಗೆ ಈ ವಾರಸು ನಿಯಮ ಅನ್ವಯಿಸದೆಂದು ಕಾಯ್ದೆಯೇ ಹೇಳುತ್ತದೆ. ಅಪ್ಪ ಆನೆ ಬಿಟ್ಟುಹೋಗಿದ್ದರೆ ಈ ಹಂತ ದಾಟಿ ಮುಂದೆ ಓದಿ.)

ಉಗುರು ಪ್ಲಾಸ್ಟಿಕ್ಕಿನದೆಂದು ನೀವೇ ತೀರ್ಪು ಕೊಡಬೇಡಿ. ಡಿಎನ್‌ಎ ನೋಡಿ ಪ್ರಾಣಿ ಯಾವುದೆಂದು ಹೇಳುವ ಸಿಸಿಎಂಬಿಯವರು ನಿಮ್ಮ ಉಪ್ಪಲ್ ರಸ್ತೆಯವರೇ. ಅವರ ಆ ಪ್ರಯೋಗಾಲಯ ಅತ್ತಾಪುರದಲ್ಲಿದೆ. ಆದರೆ ಉಗುರು ಅಲ್ಲಿಗೆ ಸಾಮಾನ್ಯವಾಗಿ ಹೋಗುವುದು ಕೇಸಿನ ಜೊತೆಗೆ. ಕೊರಳಲ್ಲಂತೂ ಹಾಕಬೇಡಿ: 2023ರ ಅಕ್ಟೋಬರಿನಲ್ಲಿ ಕನ್ನಡ ಬಿಗ್ ಬಾಸ್ ಸ್ಪರ್ಧಿಯೊಬ್ಬರ ಬಂಧನವಾದದ್ದು ಇದೇ ಪದಕಕ್ಕೆ.

ಹೀಗೆ, ಜನ ಕೇಳುವುದನ್ನು ಮಾರುವಂತಿಲ್ಲ, ಮಾರಬಹುದಾದದ್ದನ್ನು ಜನ ಕೇಳುವುದಿಲ್ಲ. ವ್ಯಾಪಾರ ಇವೆರಡರ ನಡುವೆ ನಡೆಯಬೇಕು.

ಹಂತ 4. ಬಟ್ಟೆ. ಜೋಕರನ ಬೂಟು, ಬ್ಯಾಂಡಿನವರ ಕೋಟು. ನಾಟಕದವರಿಗೆ ಕೊಟ್ಟುಬಿಡಿ. ಬೆಲೆ ಹೇಳಿದರೆ ಬಾಡಿಗೆಗೆ ಕೇಳುತ್ತಾರೆ.

ಹಂತ 5. ಕಲಬುರಗಿಯ ಅಕ್ಕ. ಇಷ್ಟು ವರ್ಷ ಟ್ರಂಕನ್ನು ಕಸ ಅಂದವಳು ಮಾರಾಟದ ಮರುದಿನ ಫೋನು ಮಾಡುತ್ತಾಳೆ: “ಅಪ್ಪನ ಟ್ರಂಕ್ ಮಾರಿದೇನು? ಎಷ್ಟಕ್ಕ ಕೊಟ್ಟಿ?” ರೇಟು ಹೇಳಿ, ಬೈಸಿಕೊಳ್ಳಿ. ಕೊಂಡವನ ನಂಬರು ಮಾತ್ರ ಕೊಡಬೇಡಿ. ಕೊಟ್ಟರೆ ನೀವು ಮಾರಿದ್ದರ ಎರಡರಷ್ಟು ಸುರಿದು ಅವಳು ವಾಪಸು ತರುತ್ತಾಳೆ, ಇಡುವುದಕ್ಕೆ ನಿಮ್ಮ ಅಟ್ಟವನ್ನೇ ಕೇಳುತ್ತಾಳೆ.